ಖರಾಡಿಯಲ್ಲಿ ಅರ್ಧ ಹೆಣೆದ ಚಾಪೆ

ಧಾರವಾಡ ಬಿಡುವಾಗಲೇ ನನ್ನ ತಲೆ ಅರ್ಧ ಕೆಟ್ಟಿತ್ತು. ತಮ್ಮ ಪ್ರಕಾಶ ಫೋನಿನಲ್ಲಿ, "ಅಕ್ಕಾ, ನೀ ಬರ್ತೀ ಅಂತ ಸಿಯಾಲೆ ಭಾಳ ತಯಾರಿ ನಡಿಸ್ಯಾಳ, ಲಗೂನ ಬಾ" ಎಂದಿದ್ದ. ಸಿಯಾಲೆ ಅವನ ಮಗಳು, ಒಂಬತ್ತು ವರ್ಷದವಳು. ನಾನು ಅವಳ ಸೋದರತ್ತೆ. ಅತ್ತೆ ಬರುತ್ತಾಳೆಂದು ಒಂಬತ್ತು ವರ್ಷದ ಕೂಸು ತಯಾರಿ ನಡೆಸುವುದೆಂದರೆ ಏನು? ನಮ್ಮ ಓಣಿಯ ಹುಡುಗರು ನಾನು ಬಂದರೆ ನನ್ನ ಚೀಲಕ್ಕೆ ಕೈ ಹಾಕುತ್ತಾರೆ, ಅಷ್ಟೇ ಅವರ ತಯಾರಿ.

ಪ್ರಕಾಶ ಹಡಗಿನ ಇಂಜಿನಿಯರು. ಊರೂರು ತಿರುಗಿ, ಶಾಂತಸಾಗರದ ನಡುವೆ ಟೊಂಗಾ ಎಂಬ ದ್ವೀಪಗಳ ದೇಶ ಮುಟ್ಟಿ, ಅಲ್ಲಿಯ ಆನಾಳನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿಕೊಂಡಿದ್ದ. ಈ ಬೇಸಿಗೆಯಲ್ಲಿ ಮೂವರೂ ಪುಣೆಗೆ ಬಂದರು. ಅಲ್ಲಿಯ ಖರಾಡಿ ಭಾಗದ ಒಂದು ಕಚೇರಿಯಲ್ಲಿ ಕುಳಿತು ಎಲ್ಲೋ ದೂರದಲ್ಲಿ ತೇಲುವ ಹಡಗುಗಳ ಇಂಜಿನ್ ಹೇಗಿದೆ ಎಂದು ನೋಡಿಕೊಳ್ಳುವುದು ಅವನ ಹೊಸ ಕೆಲಸ. ಸಮುದ್ರವೇ ಇಲ್ಲದ ಊರಲ್ಲಿ ಹಡಗಿನ ಕೆಲಸ! ನಾನು ಕೇಳಿದರೆ, "ಈಗೆಲ್ಲಾ ಹಂಗ ಅದ ಅಕ್ಕಾ" ಎಂದು ನಕ್ಕ.

ಮದುವೆಗೆ ನಾನು ಹೋಗಿರಲಿಲ್ಲ, ಅಷ್ಟು ದೂರ ಹೋಗುವುದು ಹೇಗೆ? ಆದರೆ ಕೂಸು ಹುಟ್ಟಿದಾಗ ಹೆಸರಿಡುವ ಶಾಸ್ತ್ರ ಫೋನಿನಲ್ಲೇ ಆಯಿತು. ಏನು ಹೆಸರಿಡಬೇಕೆಂದು ಆನಾ ಪ್ರಕಾಶನಿಂದ ನನ್ನನ್ನೇ ಕೇಳಿಸಿದ್ದಳು. ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. "ಯಾವ್ದರ ಹೂವಿನ ಹೆಸರು ಇಡ್ರಿ" ಎಂದು ಹೇಳಿ ಬಾಣಲೆಯ ಕಡೆ ಓಡಿದ್ದೆ. ಸಿಯಾಲೆ ಎಂದರೆ ಅಲ್ಲಿಯ ಒಂದು ಘಮಘಮಿಸುವ ಬಿಳಿ ಹೂವಂತೆ. ಆಮೇಲೆ ಫೋನನ್ನು ಕೂಸಿನ ಕಿವಿಗೆ ಹಿಡಿಸಿ "ಕುರ್ರ್" ಎಂದು ಕೂಗಿ ಆ ಹೆಸರು ಹೇಳಿದೆ. ಆಗ ಇಲ್ಲಿ ನಮ್ಮ ಓಣಿಯ ಹೆಂಗಸರು ಪದ್ಧತಿಯ ಪ್ರಕಾರ ಅತ್ತೆಯ ಬೆನ್ನಿಗೆ, ಎಂದರೆ ನನ್ನ ಬೆನ್ನಿಗೆ, ಗುದ್ದಿದ ಗುದ್ದು ಇನ್ನೂ ನೆನಪಿದೆ.

ಹೊರಟದ್ದು ಶ್ರಾವಣ ಮುಗಿಯುತ್ತ ಬಂದಾಗ, ಗಣಪತಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಪೇಡೆ. ಅವುಗಳ ಕೆಳಗೆ, ಹಳೆಯ ಪತ್ತಲದ ತುಂಡಿನಲ್ಲಿ ಸುತ್ತಿ, ಸಿಯಾಲೆಗೆಂದು ನಾನೇ ಕಸೂತಿ ಹಾಕಿದ ಖಣದ ಕುಬಸ. ಮೂವತ್ತು ವರ್ಷದಿಂದ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದೇನೆ. ಬರಿಗೈಯಲ್ಲಿ ಹೋದರೆ ನನ್ನ ಮಾನ ಏನಾಗಬೇಕು? ಪಕ್ಕದ ಮನೆಯ ಗಂಗಕ್ಕ ಬಾಗಿಲಲ್ಲಿ ನಿಂತು, "ಟಾಂಗಾದ ಊರಿನ ಸೊಸೀಗೆ ರೊಟ್ಟಿ ತಿನ್ನಾಕ ಬರ್ತದೇನ?" ಎಂದಳು. "ಬರದಿದ್ರ ಕಲಸ್ತೀನಿ" ಎಂದು ರಿಕ್ಷಾ ಹತ್ತಿದೆ.

ಹಗಲಿನ ರೈಲು. ಅಳ್ನಾವರದವರೆಗೆ ಸೋನೆ, ಲೋಂಡಾದಲ್ಲಿ ಜೋರು ಮಳೆ, ಬೆಳಗಾವಿಯಲ್ಲಿ ಬಿಸಿಲು. ಬೆಳಗಾವಿಯಲ್ಲಿ ಹತ್ತಿದ ಒಬ್ಬ ವಯಸ್ಸಾದ ವಕೀಲರು ಎದುರು ಕುಳಿತರು. ಎಲ್ಲಿಗೆ, ಯಾರ ಮನೆಗೆ ಎಂದು ವಿಚಾರಿಸಿ, ಎಲ್ಲವನ್ನೂ ಕೇಳಿಕೊಂಡು, "ಅಲ್ರೀ, ಆ ಕೂಸು ಈಗ ಯಾವ ಊರಿಂದು ಅನ್ನಬೇಕು?" ಎಂದರು. "ಅದನ್ನ ನೋಡಾಕ ಹೊಂಟೀನ್ರಿ" ಎಂದೆ. ಮಿರಜ ದಾಟಿದ ಮೇಲೆ ಮಾರಲು ಬರುವವರ ಕನ್ನಡ ಕಡಿಮೆಯಾಗಿ ಮರಾಠಿ ಹೆಚ್ಚಾಯಿತು. ಸಾತಾರದಲ್ಲಿ ವಕೀಲರು ಅಲ್ಲಿಯ ಕಂದಿ ಪೇಢೆ ಕೊಡಿಸಿದರು. ಚೆನ್ನಾಗಿತ್ತು. ಧಾರವಾಡದವಳಾಗಿ ಇದಕ್ಕಿಂತ ಹೆಚ್ಚು ಹೇಳುವುದು ನನ್ನಿಂದಾಗದು.

ಪುಣೆ ಸ್ಟೇಶನ್ನಿಗೆ ಪ್ರಕಾಶ ಬಂದಿದ್ದ. ಕೂದಲು ನೆರೆತಿದೆ, ಹೊಟ್ಟೆ ಬಂದಿದೆ, ನಗು ಮಾತ್ರ ಅದೇ. ಖರಾಡಿ ಮುಟ್ಟುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಹೇಳಿ ಮುಗಿದಿತ್ತು, ಅಷ್ಟು ಹೊತ್ತು ಸಿಗ್ನಲ್ಲುಗಳಲ್ಲಿ ನಿಂತೆವು. ಇದೇ ಊರಿನ ಕೋಥರೂಡದ ಕಡೆಯಾದರೆ ಹೆಜ್ಜೆಗೊಬ್ಬರು ನಮ್ಮ ಕಡೆಯವರು ಸಿಗುತ್ತಾರೆ, ಬಾಲ್ಕನಿಯಿಂದಲೇ ಕನ್ನಡ ಕೇಳುತ್ತದೆ. ಇಲ್ಲಿ ಬರೀ ಗಾಜಿನ ಕಟ್ಟಡಗಳು, ಅವುಗಳ ಪಕ್ಕದಲ್ಲಿ ಏಳುತ್ತಿರುವ ಇನ್ನಷ್ಟು ಕಟ್ಟಡಗಳು. ತಮ್ಮನ ಮನೆ ಅಂಥದೊಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ.

ಬಾಗಿಲು ತೆರೆದವಳು ಆನಾ. ಎತ್ತರದ, ಅಗಲ ಭುಜದ, ಮುಖದ ತುಂಬ ನಗುವಿನ ಹೆಂಗಸು. "ಅಕ್ಕಾ, ಬರ್ರಿ, ಬರ್ರಿ" ಎಂದಳು. ಕನ್ನಡ ಕಿವಿಗೆ ಬಿದ್ದು ನನಗೆ ಕಣ್ಣಲ್ಲಿ ನೀರು. ಆದರೆ ತಾಯಿ, ಮಗಳು ಇಬ್ಬರೂ ಮುಡಿಯಿಂದ ಅಡಿಯವರೆಗೆ ಕಪ್ಪು ಬಟ್ಟೆಯಲ್ಲಿದ್ದರು. ಹಬ್ಬದ ದಿನಗಳಲ್ಲಿ, ಮನೆಗೆ ಬಂದವರ ಎದುರಿಗೆ ಕಪ್ಪು! ಈಗಿನವರ ಫ್ಯಾಶನ್ನು ಇರಬೇಕೆಂದುಕೊಂಡೆ. ಸಿಯಾಲೆ ಮುಂದೆ ಬಂದು ಮಲ್ಲಿಗೆಯ ಮಾಲೆಯನ್ನು ನನ್ನ ಕೊರಳಿಗೆ ಹಾಕಿ, ಹಿಂದೆ ಸರಿದು, ಬಾಗಿಲ ಹತ್ತಿರ ನೆಲದ ಮೇಲೆ ಕುಳಿತುಬಿಟ್ಟಳು. ನಾನು ಎರಡೂ ಕೈ ಚಾಚಿ, "ಬಾರವ್ವಾ, ನನ್ನ ಬಂಗಾರೀ" ಎಂದೆ. ಅವಳು ಹುಬ್ಬು ಎರಡನ್ನೂ ಮೇಲಕ್ಕೆತ್ತಿ ಇಳಿಸಿದಳು. ಬರಲಿಲ್ಲ. ನಾನು ಕೈ ಚಾಚಿದಂತೆಯೇ ಒಂದು ಕ್ಷಣ ನಿಂತು, ಆಮೇಲೆ ಸೆರಗು ಸರಿಮಾಡಿಕೊಳ್ಳುವವಳಂತೆ ಕೈ ಇಳಿಸಿದೆ.

ನನಗೆ ಮನೆಯ ಎಲ್ಲಕ್ಕಿಂತ ಎತ್ತರದ ಕುರ್ಚಿ. ನನಗೋ ನೆಲದ ಮೇಲೆ ಕಾಲು ಚಾಚಿ ಕುಳಿತರೇ ಸುಖ. ಕೆಳಗೆ ಕುಳಿತೆ. ಕೂಡಲೇ ಹುಡುಗಿ ಎದ್ದು, ನಡು ಬಗ್ಗಿಸಿಕೊಂಡು, ನನ್ನ ತಲೆಗಿಂತ ತನ್ನ ತಲೆ ತಗ್ಗಿರುವಂತೆ ನಡೆಯತೊಡಗಿದಳು. ನೀರು ತರುವಾಗಲೂ ಬಗ್ಗಿಯೇ, ಲೋಟ ಒಯ್ಯುವಾಗಲೂ ಬಗ್ಗಿಯೇ. ಪಾಪ, ಬೆನ್ನು ಹಿಡಿದೀತೆಂದು ನಾನು ಮತ್ತೆ ಕುರ್ಚಿ ಹತ್ತಿದೆ. ಊಟಕ್ಕೆ ಆನಾ ಕೆಸುವಿನ ಎಲೆಯಲ್ಲಿ ಉಳ್ಳಾಗಡ್ಡಿ, ತೆಂಗಿನ ಹಾಲು ಕಟ್ಟಿ ಬೇಯಿಸಿದ್ದಳು. ಅವಳೂರಿನ ಅಡುಗೆ, ಪುಣೆಯ ಸಂತೆಯ ಎಲೆ. ಏನು ರುಚಿ ಅಂತೀರಿ! ನನ್ನ ಕಟಕ ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿಂದೆ. ಆದರೆ ನಾನು ತಿಂದು ಕೈ ತೊಳೆಯುವವರೆಗೆ ಆ ಹುಡುಗಿ ತಟ್ಟೆಗೆ ಕೈ ಹಾಕಲಿಲ್ಲ. "ನೀನೂ ಉಣ್ಣ ಬಾ" ಎಂದರೆ ಮತ್ತೆ ಹುಬ್ಬು ಮೇಲೆ, ಹುಬ್ಬು ಕೆಳಗೆ. ಈ ಹುಬ್ಬಿನ ಉತ್ತರಕ್ಕೆ ನನಗೆ ಸಿಟ್ಟೂ ಬಂತು. ನಮ್ಮಲ್ಲಿ ದೊಡ್ಡವರ ಮಾತಿಗೆ ಹುಬ್ಬು ಹಾರಿಸಿದರೆ ಕೆನ್ನೆಗೆ ಬೀಳುತ್ತದೆ.

ಮರುದಿನ ಬೆಳಿಗ್ಗೆ ಮನೆಗೆಲಸಕ್ಕೆ ಬಂದ ಮಲ್ಲಮ್ಮ ಯಾದಗಿರಿ ಕಡೆಯವಳು. ಗಂಡ ಎದುರಿನ ಕಟ್ಟಡದ ಕೆಲಸದಲ್ಲಿದ್ದಾನೆ. ನನ್ನ ಮಾತು ಕೇಳಿ ಅವಳ ಮುಖ ಅರಳಿತು. "ನೀವ ಏನ್ರೀ ಆ ಅತ್ತಿ? ಅಯ್ಯ ನಮ್ಮವ್ವ, ನೀವು ಬರ್ತೀರಂತ ಕೂಸು ವಾರದಿಂದ ತಾನ ನೆಲಾ ಒರಸಾಕ ಹತ್ತೈತ್ರಿ. ನನಗ ಕೆಲಸಾನ ಉಳಿಸಿಲ್ರಿ. ನಿಮ್ಮ ಹೆಸರು ತಗದ್ರ ನೆಟ್ಟಗ ಕುಂದರತೈತ್ರಿ." ನಾನು ತಡೆಯಲಾರದೆ ಪ್ರಕಾಶನನ್ನು ಅಡುಗೆಮನೆಗೆ ಕರೆದೆ. "ಖರೆ ಹೇಳು. ನನ್ನ ಬಗ್ಗೆ ಕೂಸಿಗೆ ಏನ್ ಹೇಳಿ ಹೆದರಿಸೀಯೋ? ನಾ ಏನ್ ಹುಲಿ ಏನು?"

"ಏ, ಹಂಗೇನಿಲ್ಲಕ್ಕಾ. ಅವರ ಕಡೆ ಅತ್ತಿ ಅಂದ್ರ ಒಂದಿಷ್ಟು ಮರ್ಯಾದಿ ಜಾಸ್ತಿ" ಎಂದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಸಮುದ್ರದಲ್ಲಿ ಯಾವುದೋ ಹಡಗಿಗೆ ಕೆಮ್ಮು ಬಂದಿತ್ತು. ಅವನು ಹೋದವನು ಹೋದ. ಒಂದಿಷ್ಟು ಮರ್ಯಾದೆ ನಮ್ಮಲ್ಲೂ ಇದೆ. ಅದಕ್ಕಾಗಿ ಮಕ್ಕಳು ಬಗ್ಗಿ ನಡೆಯುವುದಿಲ್ಲವಲ್ಲ?

ಅಂದು ರವಿವಾರ. ತಾಯಿ, ಮಗಳು ಚರ್ಚಿಗೆ ಹೊರಟರು. ಆನಾ ಕಪ್ಪು ಲಂಗದ ಮೇಲೆ ಒಂದು ಚಾಪೆಯನ್ನು ಸೊಂಟಕ್ಕೆ ಸುತ್ತಿ ಹಗ್ಗದಿಂದ ಬಿಗಿದುಕೊಂಡಳು. ಚಾಪೆ ಎಂದರೆ ಚಾಪೆಯೇ. ಅದೂ ಅಂಚು ಹರಿದು, ಎಳೆ ಜೋತುಬಿದ್ದ ಹಳೆಯ ಚಾಪೆ. ತಮ್ಮನ ಹೆಂಡತಿಗೆ ಉಡಲು ಗತಿಯಿಲ್ಲವೆಂದು ಜನ ಅಂದುಕೊಳ್ಳುವುದಿಲ್ಲವೇ? ಓಡಿಹೋಗಿ ಚೀಲದಿಂದ ನನ್ನ ಹೊಸ ಇಳಕಲ್ಲ ಸೀರೆ ತಂದು ಅವಳ ಕೈಯಲ್ಲಿಟ್ಟೆ. ಅವಳು ಸೀರೆಯನ್ನು ಹಣೆಗೆ ಒತ್ತಿಕೊಂಡು, ಬೀರುವಿನಲ್ಲಿಟ್ಟು, ಚಾಪೆಯಲ್ಲೇ ಹೊರಟಳು. ಕಳಿಸಲೆಂದು ನಾನೂ ಜೊತೆಗೆ ಇಳಿದೆ. ಲಿಫ್ಟಿನಲ್ಲಿ ಒಬ್ಬ ಗೃಹಸ್ಥ ಅವಳ ಸೊಂಟವನ್ನೂ ನನ್ನ ಮುಖವನ್ನೂ ನೋಡಿದ. ನಾನು ಅಂಕಿಗಳು ಇಳಿಯುವುದನ್ನು ನೋಡುತ್ತ ನಿಂತೆ.

ತಿರುಗಿ ಬಂದ ಮೇಲೆ ಆನಾ ಹೇಳಿದಳು. ಅವಳ ಮಾತು ಅರ್ಧ ಇಂಗ್ಲಿಷು, ಕಾಲು ಕನ್ನಡ, ಉಳಿದದ್ದು ಕೈಸನ್ನೆ. ನನಗೆ ತಿಳಿದಷ್ಟು ಬರೆಯುತ್ತೇನೆ. ಅವಳ ತಾಯಿ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಅದಕ್ಕೇ ಕಪ್ಪು. ಸೊಂಟದ ಚಾಪೆ ಮರ್ಯಾದೆಯ ಉಡುಗೆ. ದುಃಖದಲ್ಲಿರುವವರು ಹೀಗೆ ಹಳೆಯದನ್ನು, ಹರಿದದ್ದನ್ನು ಉಡುತ್ತಾರೆ. ತಾಯಿ ಸತ್ತ ಸುದ್ದಿ ಪ್ರಕಾಶ ಹೇಳಿದ್ದ, ನನಗೂ ನೆನಪಿತ್ತು. ಆದರೆ ಕಪ್ಪಿಗೂ ಅದಕ್ಕೂ ಗಂಟು ಹಾಕಲು ಹೊಳೆಯಲೇ ಇಲ್ಲ. ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡು ಕುಳಿತೆ.

ಮಧ್ಯಾಹ್ನ ಹುಡುಗಿಗೆ ಕುಬಸ ಕೊಟ್ಟೆ. ತಲೆ ತಗ್ಗಿಸಿ ತೆಗೆದುಕೊಂಡವಳು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಒಳಹೊರಗು ಮಾಡಿದ್ದು! ಕಸೂತಿಯ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನನ್ನ ಎದೆ ಉಬ್ಬಿತು. ಕೈಕೆಲಸ ಗೊತ್ತಿದ್ದವರು ಮಾತ್ರ ಬೆನ್ನು ನೋಡುತ್ತಾರೆ. "ಗಂಟಿಲ್ಲ" ಎಂದಳು ಇಂಗ್ಲಿಷಿನಲ್ಲಿ. ನಾನು ಸೂಜಿ ತೆಗೆದು ತೋರಿಸಿದೆ: ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ನಡುವೆ ಖಾಲಿ. ಅದೇ ದಾರ ಅದೇ ದಾರಿಯಲ್ಲಿ ತಿರುಗಿ ಬರುವಾಗ ಖಾಲಿ ತುಂಬುತ್ತದೆ. ಹುಡುಗಿ ಓಡಿಹೋಗಿ ಒಳಗಿನಿಂದ ಒಂದು ಸುರುಳಿ ತಂದು ನೆಲದ ಮೇಲೆ ಬಿಚ್ಚಿದಳು.

ಅದೂ ಚಾಪೆಯೇ. ಆದರೆ ಬೆಳ್ಳಗೆ, ರೇಷ್ಮೆಯಷ್ಟು ಮೆತ್ತಗೆ, ದಾರದಷ್ಟು ಸಣ್ಣ ಎಳೆಗಳದು. ಅರ್ಧ ಮಾತ್ರ ಹೆಣೆದದ್ದು. ಮುಂದಿನ ಎಳೆಗಳು ಬಿಡಿಬಿಡಿಯಾಗಿ ಹಾಗೆಯೇ ಚಾಚಿಕೊಂಡಿದ್ದವು. ಅಜ್ಜಿ, ಮೊಮ್ಮಗಳು ಕೂಡಿ ಶುರು ಮಾಡಿದ್ದಂತೆ. ಮುಳ್ಳಿನ ಅಂಚಿನ ಉದ್ದ ಎಲೆ ಕೊಯ್ದು, ಕುದಿಸಿ, ಸಮುದ್ರದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಬಿಸಿಲಿಗೆ ಬಿಳಿ ಮಾಡಿ, ಸೀಳಿ, ಹೆಂಗಸರೆಲ್ಲ ಸಾಲಾಗಿ ಕುಳಿತು ಹಾಡುತ್ತ ಹೆಣೆಯುತ್ತಾರಂತೆ. ಮೊದಲ ಸಾಲುಗಳಲ್ಲಿ ಒಂದೇ ಒಂದು ತಪ್ಪಿಲ್ಲ. ಆಮೇಲಿನವು ಸ್ವಲ್ಪ ಸೊಟ್ಟ. ಎಲ್ಲಿ ಅಜ್ಜಿಯ ಕೈ ನಿಂತಿತು, ಎಲ್ಲಿ ಮೊಮ್ಮಗಳದು ಹತ್ತಿತು ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಸಿಯಾಲೆ ಅಜ್ಜಿಯ ಸಾಲಿನ ಮೇಲೆ ಬೆರಳು ಆಡಿಸುತ್ತ ಮಾತಾಡಿದಳು. ಅಷ್ಟು ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ನನ್ನ ಬಾಯಿಗೆ ಬೀಗ ಎಲ್ಲಿದೆ? ಹೊಗಳಿದೆ, ಹೊಗಳಿದೆ. "ಎಷ್ಟ್ ಚೆಂದ ಅದ ಇದು! ಇಂಥಾ ಕೆಲಸಾ ನಾ ಕಂಡಿಲ್ಲ. ಪಕ್ಯಾ, ಹೇಳೋ ಆಕೀಗೆ, ಇದನ್ನ ಧಾರವಾಡಕ್ಕ ಒಯ್ದು ನನ್ನ ಹುಡುಗ್ಯಾರಿಗೆ ತೋರಸ್ತೀನಂತ. ಗ್ವಾಡಿಗೆ ಹಾಕ್ತೀನಂತ." ಅಲ್ಲೇ ಕುಳಿತಿದ್ದ ಪ್ರಕಾಶ ಫೋನಿನಿಂದ ಕಣ್ಣು ಎತ್ತದೆ ಇಂಗ್ಲಿಷಿನಲ್ಲಿ ಹೇಳಿದ. ಹುಡುಗಿಯ ಬೆರಳು ನಿಂತಿತು. ತಾಯಿಯ ಮುಖ ನೋಡಿದಳು. ತಾಯಿ ನೆಲ ನೋಡಿದಳು. ಆಮೇಲೆ ಸಿಯಾಲೆ ನನ್ನ ಕಡೆ ತಿರುಗಿ ಹುಬ್ಬೆತ್ತಿ ಇಳಿಸಿ, ಚಾಪೆ ಸುತ್ತಿ ಒಳಗೆ ಒಯ್ದಳು. ದೃಷ್ಟಿಯಾಯಿತೇನೋ ಎಂದು ನನಗೆ ಭಯ. ಚಾಪೆ ಹೋದ ದಿಕ್ಕಿಗೆ ಕೈ ನಿವಾಳಿಸಿ ನೆಟಿಗೆ ಮುರಿದೆ. ಅದನ್ನು ನೋಡಿ ಆನಾ ಇನ್ನಷ್ಟು ಗಂಭೀರಳಾದಳು. ಈ ಮನೆಯಲ್ಲಿ ನಾನು ಏನು ಮಾಡಿದರೂ ಏನೋ ಒಂದು ಆಗುತ್ತಿತ್ತು. ಅದು ಏನೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಮುಳ್ಳಿನ ಅಂಚಿನ ಉದ್ದ ಎಲೆ ಎಂದದ್ದು ತಲೆಯಲ್ಲಿ ಕೂತಿತ್ತು. ಅಂಚಿಗೆ ಮುಳ್ಳು, ನಡುಗೆರೆಗೂ ಮುಳ್ಳು, ಅದು ನಮ್ಮ ಕೇದಗೆಯಲ್ಲವೇ? ಸಣ್ಣವಳಿದ್ದಾಗ ಕೇದಗೆ ಹಾಕಿಸಿಕೊಂಡು ಜಡೆ ಹೆಣೆಸಿಕೊಂಡವಳು ನಾನು. ಹಬ್ಬದ ಮುಂದೆ ಇಲ್ಲಿಯ ದೊಡ್ಡ ಸಂತೆ ಮಂಡಯಿಯ ಹೂವಿನವರ ಹತ್ತಿರ ಬಂದೇ ಬಂದಿರುತ್ತದೆ. ಮರುದಿನ ನಾನೂ ಸಿಯಾಲೆಯೂ ಸಿಟಿ ಬಸ್ಸು ಹತ್ತಿ ಹೊರಟೆವು. ಬಸ್ಸಿನಲ್ಲಿ ಒಂದೇ ಸೀಟು ಖಾಲಿ. ನಾನು ಕುಳಿತೆ, ತೊಡೆಯ ಮೇಲೆ ಬಾ ಎಂದೆ, ಅವಳು ಕಂಬ ಹಿಡಿದು ನಿಂತೇ ಬಂದಳು.

ಮಂಡಯಿಯಲ್ಲಿ ಕಾಲಿಡಲು ಜಾಗವಿಲ್ಲ. ಚೆಂಡುಹೂವು, ಶೇವಂತಿಗೆ, ಗರಿಕೆ, ಬಾಳೆಕಂದು, ಕೆಸರು. ಮೂಲೆಯಲ್ಲಿ ಕುಳಿತ ಒಬ್ಬ ಮುದುಕಿಯ ಬುಟ್ಟಿಯಲ್ಲಿ ಹಳದಿ ಕೇದಗೆ ಇತ್ತು. "ಕೇವಡಾ ಘ್ಯಾ ಮಾವಶಿ, ಕೋಕಣಾತಲಾ ಆಹೆ" ಎಂದಳು. ಕೊಂಕಣದ್ದಂತೆ. ನಾನು ಒಂದನ್ನು ಎತ್ತಿ ಸಿಯಾಲೆಯ ಕೈಗೆ ಕೊಟ್ಟೆ. ಅವಳು ಅಂಚಿನ ಮೇಲೆ ಬೆರಳು ಎಳೆದಳು. ಮುಳ್ಳು ಚುಚ್ಚಿತು. ಬೆರಳ ತುದಿಯ ರಕ್ತ ನೋಡಿ ಆ ಹುಡುಗಿ ನಕ್ಕಳು, ಮೂರು ದಿನಗಳಲ್ಲಿ ಮೊದಲ ಸಲ. ಎಲೆಯನ್ನು ಮೂಗಿಗೆ ಹಿಡಿದು, ನನಗೂ ತಿಳಿಯುವಂಥ ಇಂಗ್ಲಿಷಿನಲ್ಲಿ, "ಎಲೆ ನಮ್ಮದೇ. ಅಜ್ಜಿಯ ಎಲೆಗೆ ಸಮುದ್ರದ ವಾಸನೆ ಇತ್ತು" ಎಂದಳು.

ಆದರೆ ಇದು ಹೂವಿನ ಸುತ್ತಲಿನ ಗಿಡ್ಡ ಎಲೆ, ಚಾಪೆಗೆ ಸಾಲದು. ಮುದುಕಿಯನ್ನು ಕೇಳಿದೆ. ಅವಳ ತವರು ಗುಹಾಗರದ ಹತ್ತಿರ, ಸಮುದ್ರದ ಹಿನ್ನೀರಿನ ದಂಡೆಯಲ್ಲಿ ಕೇದಗೆಯ ಮೆಳೆಯೇ ಇದೆಯಂತೆ. ಆಳುದ್ದದ ಎಲೆಗಳು. ಹೂವಿನ ಗಾಡಿ ವಾರವಾರ ಬರುತ್ತದೆ, ಹೇಳಿದರೆ ಕಟ್ಟು ತರಿಸುತ್ತೇನೆ ಎಂದಳು. ನಾನು ಖುಷಿಯಿಂದ, "ನೋಡವ್ವಾ, ಎಲಿ ಸಿಕ್ತು. ಇನ್ನ ಚಾಪಿ ಪೂರಾ ಮಾಡು" ಎಂದು ಕೈಸನ್ನೆ ಮಾಡಿ ತಿಳಿಸಿದೆ. ಅವಳ ನಗು ಆರಿತು. ಎಲೆಯನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟು, "ಇನ್ನು ಬೇಕಾಗಿಲ್ಲ ಅತ್ತಿ" ಎಂದಳು. ಬೇಕಾಗಿಲ್ಲವೇ? ನಿನ್ನೆ ಅಷ್ಟು ಪ್ರೀತಿಯಿಂದ ತೋರಿಸಿದವಳು! ಮಕ್ಕಳ ಮನಸ್ಸು, ಹೊತ್ತಿಗೊಂದು ಬಣ್ಣ ಎಂದುಕೊಂಡು ಸುಮ್ಮನೆ ಒಂದು ಹೂವು ಕೊಂಡು ತಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನನಗೆ ಅಳು ಬರುವಷ್ಟು ಬೇಸರವಾಯಿತು. ಇಷ್ಟು ದೂರ ಬಂದು ತಮ್ಮನ ಕೂಸಿನ ಮನಸ್ಸಿನೊಳಗೆ ಒಂದು ಗೇಣು ಕೂಡ ಹೋಗಲಾಗಲಿಲ್ಲವಲ್ಲ ಎಂದು.

ಹೊರಡುವ ದಿನ ಬಂತು. ಮಧ್ಯಾಹ್ನದ ರೈಲು. ಊಟ ಮುಗಿಸಿ, ಚೀಲ ಕಟ್ಟಿ ಕುರ್ಚಿಯಲ್ಲಿ ಕುಳಿತಿದ್ದೆ. ಸಿಯಾಲೆ ಒಳಗಿನಿಂದ ಬಂದಳು. ಕಪ್ಪು ಫ್ರಾಕಿನ ಮೇಲೆ ಸೊಂಟಕ್ಕೆ ಸಣ್ಣದೊಂದು ಚಾಪೆ ಸುತ್ತಿದ್ದಳು. ಎರಡೂ ಕೈಯಲ್ಲಿ ಆ ಬಿಳಿ ಸುರುಳಿ. ನನ್ನ ಕಾಲ ಹತ್ತಿರ ಕುಳಿತು, ಸುರುಳಿಯನ್ನು ನನ್ನ ಪಾದದ ಮುಂದಿಟ್ಟು, ತಲೆ ತಗ್ಗಿಸಿದಳು. ಬಿಡಿ ಎಳೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಒಂದು ಕಪ್ಪು ರಿಬ್ಬನ್ನಿನಿಂದ ಕಟ್ಟಿದ್ದಳು.

ನಮ್ಮಲ್ಲಿ ಏನಾದರೂ ಕೊಟ್ಟರೆ ಒಮ್ಮೆಗೇ ತೆಗೆದುಕೊಳ್ಳುವುದುಂಟೇ? ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ತೆಗೆದುಕೊಳ್ಳಬೇಕು. "ಅಯ್ಯ, ಬ್ಯಾಡ ಬ್ಯಾಡ, ಇದನ್ಯಾಕ ಕೊಡ್ತೀ, ನನಗ ಬ್ಯಾಡವ್ವಾ" ಎಂದು ಸುರುಳಿಯನ್ನು ಅವಳ ಕಡೆ ಸರಿಸಿದೆ. ಆನಾ ಗೋಡೆಗೆ ಒರಗಿಕೊಂಡಳು. ಸಿಯಾಲೆ ಎರಡನೇ ಸಲ ಸುರುಳಿಯನ್ನು ಮುಂದಕ್ಕೆ ತಳ್ಳುವಾಗ ಅದರ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

"ಪಕ್ಯಾ!" ಎಂದು ಕೂಗಿದೆ. "ಆ ಫೋನು ಒಗದು ಬಾ ಇಲ್ಲಿ. ಏನ್ ನಡದದ ಈ ಮನ್ಯಾಗ? ಈಗಿಂದೀಗ ಹೇಳು."

ಪ್ರಕಾಶ ತಲೆ ಕೆರೆದುಕೊಂಡ. "ಅಕ್ಕಾ, ನೀ ಚೆಂದ ಅದ ಅಂದಿ. ಒಯ್ತೀನಿ ಅಂದಿ. ಅವರ ಪೈಕಿ ಅಪ್ಪನ ಅಕ್ಕ ಕೇಳಿದ್ದನ್ನ ಇಲ್ಲ ಅನ್ನಂಗಿಲ್ಲ. ಅಪ್ಪನಕಿಂತ ದೊಡ್ಡಾಕಿ ಆಕಿ. ಕೂಸಿನ ಹೆಸರು ಆಕೀದು, ಕಡೀ ಮಾತು ಆಕೀದು. ಆಕಿ ಮುಂದ ತಲಿ ಎತ್ತಿ ಕುಂದರಂಗಿಲ್ಲ, ಆಕೀಗೆ ಹತ್ತಿ ಕುಂದರಂಗಿಲ್ಲ, ಆಕೀ ಜೋಡಿ ಉಣ್ಣಂಗಿಲ್ಲ."

"ಹುಬ್ಬು ಹಾರಸೂದು?"

"ಹುಬ್ಬು ಎತ್ತಿದ್ರ 'ಹೂಂ' ಅಂದಂಗ ಅಕ್ಕಾ ಅವರಲ್ಲಿ."

ಹಾಗಾದರೆ ಇಷ್ಟು ದಿನ ಈ ಕೂಸು ನನ್ನ ಪ್ರತಿಯೊಂದು ಮಾತಿಗೂ ಹೂಂ ಎಂದಿದೆ! "ಮತ್ತ ಇದನ್ನ ಮದ್ಲ ಹೇಳಬೇಕಿಲ್ಲೇನೋ, ಹುಚ್ಚಪ್ಪಾ?"

"ನಮ್ಮಲ್ಲೂ ಹಂಗ ಅದ ಅಂತ ಆನಾ ತಿಳಕೊಂಡಾಳ. ಕೂಸಿನ ಕಿವ್ಯಾಗ ಅತ್ತೀನ ಹೆಸರು ಹೇಳ್ತಾಳ, ಅತ್ತಿಗೆ ಸೀರಿ ಕೊಡ್ತಾರ ಅಂತ ನಾನ ಹೇಳಿದ್ದೆ. ಎರಡೂ ಕಡೆ ಒಂದ ಪದ್ಧತಿ ಅಂತ ಆಕಿಗೆ ಭಾಳ ಖುಷಿ ಆಗಿತ್ತು."

"ಅತ್ತಿ ಬೆನ್ನಿಗೆ ಗುದ್ದತಾರ ಅಂತ ಹೇಳಲಿಲ್ಲೇನು?"

"ಅದೊಂದು ಬಿಟ್ಟೆ" ಎಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಗ್ಗರಣೆ ಸೀಯುವಾಗ ಬಾಯಿಗೆ ಬಂದ ಮಾತು ಒಂದು ಜೀವದ ಹೆಸರಾಗಿ ಕುಳಿತಿದೆ. ಮಧ್ಯಾಹ್ನದ ಖುಷಿಯಲ್ಲಿ ಆಡಿದ ಇನ್ನೊಂದು ಮಾತು ಅಜ್ಜಿಯ ಕೈಯ ಸಾಲುಗಳನ್ನು ಆ ಕೂಸಿನಿಂದ ಕಿತ್ತುಕೊಳ್ಳುತ್ತಿದೆ. ಈಗ ಬೇಡ ಎಂದರೆ? ಪ್ರಕಾಶ ಆನಾಳನ್ನು ಕೇಳಿ ಹೇಳಿದ: ಬೇಡ ಎಂದರೆ ಚಾಪೆ ಬೇಡ ಎಂದಂತಲ್ಲ, ಸಿಯಾಲೆಯೇ ಬೇಡ ಎಂದಂತೆ. ತೆಗೆದುಕೊಂಡರೆ ಕೂಸಿನ ಕೈ ಖಾಲಿ. ಗಡಿಯಾರ ನೋಡಿದೆ. ಸ್ಟೇಶನ್ನಿಗೆ ಹೊರಡುವ ಹೊತ್ತಾಗಿತ್ತು.

ಮೆಲ್ಲಗೆ ಆ ಎತ್ತರದ ಕುರ್ಚಿಯಲ್ಲಿ ನೆಟ್ಟಗಾದೆ. ಈ ಸಲ ಬೇಕೆಂದೇ ನೆಟ್ಟಗಾದೆ. "ನನ್ನ ಮಾತ ಕಡೀ ಮಾತು, ಹೌದಲ್ಲೋ? ಹಂಗಾದ್ರ ನಾ ಹೇಳೂದನ್ನ ಒಂದೂ ಬಿಡದಂಗ ಹೇಳು ಆಕೀಗೆ." ಸುರುಳಿಯನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಅವಚಿಕೊಂಡೆ. "ಚಾಪಿ ನಾ ತಗೊಂಡೆ. ಇದು ನಂದು." ಹುಡುಗಿ ತಲೆ ಎತ್ತದೆ ಹುಬ್ಬೆತ್ತಿದಳು. ಆನಾ ಉಸಿರು ಬಿಟ್ಟಳು.

"ಆದ್ರ ಅರ್ಧಾ ಕೆಲಸಾ ನಾ ಮನಿಯೊಳಗ ತಗೊಳಂಗಿಲ್ಲ. ನನ್ನ ಹುಡುಗ್ಯಾರು ಯಾರೂ ಅರ್ಧಾ ಕಸೂತಿ ನನ್ನ ಕೈಯಾಗ ಇಟ್ಟಿಲ್ಲ. ಹೋದ ದಾರ ತಿರುಗಿ ಬರಬೇಕು, ಖಾಲಿ ತುಂಬಬೇಕು. ಅಜ್ಜಿ ಸಾಲು ಮುಗದಲ್ಲಿಂದ ಮುಂದ ನಿನ್ನ ಸಾಲು ಹಾಕು. ಎಲಿ ಮಂಡಯಿ ಮುದುಕಿ ತರಸ್ತಾಳ, ನಿಮ್ಮಪ್ಪ ಹೋಗಿ ತರ್ತಾನ. ಅಲ್ಲೀತನಕ ನನ್ನ ಚಾಪಿ ನಿನ್ನ ಹತ್ರ ಇರ್ಲಿ. ಜ್ವಾಕಿ." ಎಂದು ಸುರುಳಿಯನ್ನು ಅವಳ ತೊಡೆಯ ಮೇಲೆ ಇಟ್ಟೆ.

ಪ್ರಕಾಶ ಒಂದೂ ಬಿಡದೆ ಹೇಳಿ ಮುಗಿಸಿದ. ಸಿಯಾಲೆ ಸುರುಳಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತಂದೆಯ ಕಿವಿಯಲ್ಲಿ ಏನೋ ಕೇಳಿದಳು.

"ಎಷ್ಟ್ ಉದ್ದ ಹೆಣೀಬೇಕು ಅಂತ ಕೇಳ್ತಾಳ ಅಕ್ಕಾ."

"ನಾ ಸಾಕು ಅನ್ನೂತನಕ" ಎಂದೆ.

ಆನಾ ಮೊದಲು ನಕ್ಕಳು. ನಕ್ಕು, ಕಣ್ಣು ಒರೆಸಿಕೊಂಡು, ಬಂದು ನನ್ನನ್ನು ತಬ್ಬಿಕೊಂಡಳು. ನಾನು ಮಾಡಿದ್ದು ಅವರ ಪದ್ಧತಿಯೋ, ನಮ್ಮದೋ, ಅಥವಾ ಯಾರದ್ದೂ ಅಲ್ಲದ ಧಾರವಾಡದ ಮುದುಕಿಯ ಜಾಣತನವೋ, ನನಗೆ ಈಗಲೂ ಗೊತ್ತಿಲ್ಲ. ಆನಾಳನ್ನು ಕೇಳುವ ಧೈರ್ಯವೂ ಆಗಲಿಲ್ಲ.

ಸ್ಟೇಶನ್ನಿಗೆ ಮೂವರೂ ಬಂದರು. ಕಾರಿನಲ್ಲಿ ಸಿಯಾಲೆ ನನ್ನ ಪಕ್ಕದಲ್ಲೇ ಕುಳಿತಳು. ಹಿಂದಿನ ಸೀಟಿನಲ್ಲಿ ಬಗ್ಗಲು ಜಾಗವಿರಲಿಲ್ಲವೆಂದೋ, ಅಥವಾ ನಾನು ಅವಳ ಕೈ ಬಿಡಲಿಲ್ಲವೆಂದೋ. ಜೋರು ಮಳೆ. ಪ್ಲ್ಯಾಟ್‌ಫಾರ್ಮಿನಲ್ಲಿ ಪ್ರಕಾಶ ಬೆಳಗಾವಿಯವರೆಗೆ ಸಾಲುವಷ್ಟು ನೀರಿನ ಬಾಟಲಿ ಕೊಡಿಸಿದ. ನಾನು ಕಿಟಕಿಯ ಹತ್ತಿರ ಕುಳಿತೆ. ಗಾಜು ಮೇಲೆತ್ತಿ ಕಿಟಕಿ ತೆರೆದಿದ್ದೆ, ಹನಿ ಮುಖಕ್ಕೆ ಬಡಿಯುತ್ತಿತ್ತು.

ರೈಲು ಮೆಲ್ಲಗೆ ಜರುಗಿತು. ಸಿಯಾಲೆ ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಕೈಗಳೆರಡನ್ನೂ ಎದೆಯ ಮುಂದೆ ಒಂದು ಮೊಳ ಅಗಲಿಸಿ, ನನ್ನ ಕಡೆ ನೋಡಿದಳು. ಇಷ್ಟು ಸಾಕೇ? ನಾನು ತಲೆ ಅಲ್ಲಾಡಿಸಿದೆ, ಸಾಲದು. ಅವಳು ಇನ್ನಷ್ಟು ಅಗಲಿಸಿದಳು. ಸಾಲದು. ಕೈಗಳನ್ನು ಎಷ್ಟು ಚಾಚಲಾಗುತ್ತದೋ ಅಷ್ಟು ಚಾಚಿ, ತಲೆಯನ್ನು ಪೂರ್ತಿ ಮೇಲಕ್ಕೆತ್ತಿ, ನಗುತ್ತ, ಅಪ್ಪನಿಂದ ಆಗಷ್ಟೇ ಕಲಿತ ಕನ್ನಡ ಮಾತೊಂದನ್ನು ಕೂಗಿದಳು: "ಇನ್ನಾ?"

ನಾನು ಎರಡೂ ಹುಬ್ಬು ಮೇಲಕ್ಕೆತ್ತಿದೆ.